ರೈಲು ಹಳಿಯ ಕೆಳಗಿನ ಗಲ್ಲಾಪೆಟ್ಟಿಗೆ

ಗ್ಲಾಸ್ಗೋದ ಮಳೆ ನಮ್ಮ ಆಗುಂಬೆಯ ಮಳೆಯಂತೆ ಭೋರ್ಗರೆದು ಸುರಿಯುವಂಥದ್ದಲ್ಲ. ಜರಡಿಯಿಂದ ಹಿಟ್ಟು ಉದುರಿದಂತೆ ಸಣ್ಣಗೆ ಜಿನುಗುತ್ತಲೇ ಇರುತ್ತದೆ. ಅಂಥ ಊರಿನ ನಡುಮಧ್ಯದಲ್ಲಿ, ಆರ್ಗೈಲ್ ಬೀದಿಗೆ ಅಡ್ಡಲಾಗಿ, ಸೆಂಟ್ರಲ್ ರೈಲು ನಿಲ್ದಾಣದ ಹಳಿಗಳನ್ನು ಹೊತ್ತ ಅಗಲವಾದ ಸೇತುವೆಯೊಂದಿದೆ. ಒಂದು ಕಾಲಕ್ಕೆ ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯಿಂದ ಕೆಲಸ ಹುಡುಕಿಕೊಂಡು ಬಂದವರು ಬಿಡುವಿನ ಹೊತ್ತಿನಲ್ಲಿ ಈ ಸೇತುವೆಯಡಿ ಕೂಡುತ್ತಿದ್ದರು. ತಲೆ ನೆನೆಯದಂತೆ ನಿಂತು, ತಮ್ಮ ಗೇಲಿಕ್ ಭಾಷೆಯಲ್ಲಿ ಊರ ಸುದ್ದಿ ಮಾತಾಡಿಕೊಳ್ಳಲು ಕಾಸು ಖರ್ಚಿಲ್ಲದ ಜಾಗ. ಗ್ಲಾಸ್ಗೋದವರು ಅದಕ್ಕೆ 'ಹೀಲನ್‌ಮನ್ಸ್ ಅಂಬ್ರೆಲಾ' ಎಂದು ಹೆಸರಿಟ್ಟರು. ಬೆಟ್ಟದವನ ಕೊಡೆ.

ಈ ಕೊಡೆಯ ಕೆಳಗೊಂದು ಬಾಗಿಲಿತ್ತು. 1991ರಿಂದ 2015ರವರೆಗೆ, ಇಪ್ಪತ್ತನಾಲ್ಕು ವರ್ಷ, ಆ ಬಾಗಿಲಿನೊಳಗೆ ಒಂದೇ ದಿನ ಬೆಕೆಟ್‌ನ ನಾಟಕ ನೋಡಬಹುದಿತ್ತು, ಚಿತ್ರಪ್ರದರ್ಶನದ ಮುಂದೆ ನಿಲ್ಲಬಹುದಿತ್ತು, ಗಿಟಾರ್ ತಂಡವೊಂದರ ಹಾಡು ಕೇಳಬಹುದಿತ್ತು, ಆಮೇಲೆ ರಾತ್ರಿ ಮೂರರವರೆಗೆ ಕುಣಿಯಬಹುದಿತ್ತು. ಹೆಸರು 'ದಿ ಆರ್ಚಸ್', ಅಂದರೆ ಕಮಾನುಗಳು. ಹೆಸರಿಡಲು ಯಾರೂ ತಲೆ ಕೆಡಿಸಿಕೊಂಡಂತಿಲ್ಲ. ಕಣ್ಣಿಗೆ ಕಂಡದ್ದನ್ನೇ ಹೆಸರಾಗಿಸಿದ್ದಾರೆ.

ಕಮಾನುಗಳು ಅಲ್ಲಿಗೆ ಬಂದದ್ದಕ್ಕೆ ಕಾರಣ ಕ್ಲೈಡ್ ನದಿ. ದಕ್ಷಿಣದಿಂದ ಬರುವ ರೈಲುಗಳು ನದಿಯನ್ನು ಎತ್ತರದ ಸೇತುವೆಯ ಮೇಲೆ ದಾಟಿ, ಅದೇ ಎತ್ತರದಲ್ಲಿ ಊರೊಳಗೆ ನುಗ್ಗುತ್ತವೆ. ಹಾಗಾಗಿ 1879ರಲ್ಲಿ ತೆರೆದ ಸೆಂಟ್ರಲ್ ನಿಲ್ದಾಣವನ್ನು ಬೀದಿಯ ಮಟ್ಟಕ್ಕಿಂತ ಮೇಲೆ ಕಟ್ಟಬೇಕಾಯಿತು. ಹಳಿ ಮೇಲೆ, ಊರು ಕೆಳಗೆ. ನಡುವೆ ಉಳಿದದ್ದು ಇಟ್ಟಿಗೆಯ ಕಮಾನುಗಳ ಕತ್ತಲ ಗವಿಗಳು. ಬಿಸಿಲು ಕಾಣದ, ಗೋಡೆ ಒಸರುವ, ನೆತ್ತಿಯ ಮೇಲೆ ರೈಲು ಗುಡುಗುವ ಜಾಗ. ಉಗ್ರಾಣಕ್ಕಲ್ಲದೆ ಇನ್ನೇನಕ್ಕೂ ಆಗದು ಎನ್ನಿಸುವಂಥದ್ದು.

ಅದಕ್ಕೆ ಮರುಜೀವ ಬಂದದ್ದು 1990ರಲ್ಲಿ. ಆ ವರ್ಷ ಗ್ಲಾಸ್ಗೋ 'ಯುರೋಪಿನ ಸಾಂಸ್ಕೃತಿಕ ನಗರ'ವಾಗಿತ್ತು. ಅದಕ್ಕೂ ಮೊದಲು ಆ ಪಟ್ಟ ಕಟ್ಟಿಸಿಕೊಂಡವು ಅಥೆನ್ಸ್, ಫ್ಲಾರೆನ್ಸ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಪ್ಯಾರಿಸ್. ಆ ಸಾಲಿನಲ್ಲಿ ಗ್ಲಾಸ್ಗೋ ಹೆಸರು ಕೇಳಿ ನಕ್ಕವರಿದ್ದರು. ಹಡಗು ಕಟ್ಟುವ ಕೆಲಸ ಒಂದೊಂದಾಗಿ ನಿಂತು, ನಿರುದ್ಯೋಗಕ್ಕೂ ಕುಡಿತಕ್ಕೂ ಹೆಸರಾದ ಊರು ಅದು. ಆದರೆ ಹಾಳುಬಿದ್ದ ದೊಡ್ಡ ಕಟ್ಟಡಗಳು ಕಲೆಗೆ ಒದಗುತ್ತವೆ ಎಂಬ ಪಾಠ ಗ್ಲಾಸ್ಗೋಗೆ ಎರಡು ವರ್ಷ ಮೊದಲೇ ಆಗಿತ್ತು, ಅದೂ ನಮ್ಮ ಮಹಾಭಾರತದಿಂದ. ಪೀಟರ್ ಬ್ರೂಕ್ ತಮ್ಮ ಒಂಬತ್ತು ಗಂಟೆಯ 'ಮಹಾಭಾರತ'ವನ್ನು ಇಂಗ್ಲಿಷಿನಲ್ಲಿ ತಿರುಗಾಟಕ್ಕೆ ತಂದಾಗ ಇಡೀ ಬ್ರಿಟನ್ನಿನಲ್ಲಿ ಅದು ನಡೆದದ್ದು 1988ರ ಗ್ಲಾಸ್ಗೋದಲ್ಲಿ ಮಾತ್ರ. ಬ್ರೂಕ್‌ಗೆ ಚಿನ್ನದ ಕುಸುರಿಯ ರಂಗಮಂದಿರ ಬೇಡವಾಗಿತ್ತು. ಹಳೆಯ ಟ್ರಾಮ್ ಡಿಪೋ ಒಂದನ್ನು ಅಣಿಗೊಳಿಸಿದರು. ಮಲ್ಲಿಕಾ ಸಾರಾಭಾಯಿ ದ್ರೌಪದಿಯಾಗಿ ನಿಂತದ್ದು ಒಂದು ಕಾಲಕ್ಕೆ ಟ್ರಾಮ್‌ಗಳು ತಂಗುತ್ತಿದ್ದ ನೆಲದ ಮೇಲೆ. ಆ ಡಿಪೋ ಇವತ್ತಿಗೂ 'ಟ್ರಾಮ್‌ವೇ' ಎಂಬ ಹೆಸರಿನ ಕಲಾಕೇಂದ್ರ.

1990ರಲ್ಲಿ ನಿಲ್ದಾಣದ ಕೆಳಗಿನ ಕಮಾನುಗಳನ್ನು ತೊಳೆದು ಬಳಿದು 'ಗ್ಲಾಸ್ಗೋಸ್ ಗ್ಲಾಸ್ಗೋ' ಎಂಬ ಭಾರಿ ಪ್ರದರ್ಶನ ಏರ್ಪಡಿಸಿದರು. ಊರಿನ ಚರಿತ್ರೆ ಹೇಳುವ ಆ ಪ್ರದರ್ಶನಕ್ಕೆ ಊರಿನವರೇ ಅಂದುಕೊಂಡಷ್ಟು ಬರಲಿಲ್ಲ, ಕೈಸುಟ್ಟುಕೊಂಡದ್ದೇ ಬಂತು. ಆದರೆ ಆ ನಷ್ಟದಿಂದ ಊರಿಗೆ ದಕ್ಕಿದ್ದೊಂದಿತ್ತು: ಬೆಳಕು, ತಂತಿ, ನೆಲ ಎಲ್ಲ ಸಜ್ಜಾಗಿದ್ದ ಖಾಲಿ ಗವಿಗಳು. 1991ರಲ್ಲಿ ಆಂಡಿ ಆರ್ನಲ್ಡ್ ಎಂಬ ರಂಗನಿರ್ದೇಶಕರು ಅಲ್ಲಿ ನಾಟಕ ಶುರುಮಾಡಿದರು. ಮುಂದಿನ ವರ್ಷವೇ, 'ಏಲಿಯನ್' ಸಿನಿಮಾಗಳ ಜಾಡಿನಲ್ಲಿ, ಕತ್ತಲ ಸುರಂಗದೊಳಗೆ ಜನರನ್ನು ಓಡಿಸಿ ಹೆದರಿಸುವ 'ಏಲಿಯನ್ ವಾರ್' ಎಂಬ ಆಟವೂ ಅಲ್ಲೇ ಹುಟ್ಟಿತು. ಆಮೇಲೆ ಲಂಡನ್ನಿಗೂ ಹೋಯಿತು. ಒಂದು ಕಮಾನಿನಲ್ಲಿ ಗಂಭೀರ ನಾಟಕ, ಇನ್ನೊಂದರಲ್ಲಿ ಜಾತ್ರೆಯ ಭೂತಬಂಗಲೆ. ಈ ಸಂಸ್ಥೆಯ ಜಾತಕ ಮೊದಲ ದಿನದಿಂದಲೇ ಹೀಗಿತ್ತು.

ಇಲ್ಲಿ 'ಕ್ಲಬ್' ಎಂಬ ಮಾತನ್ನು ಸ್ವಲ್ಪ ಬಿಡಿಸಬೇಕು. ಕನ್ನಡದಲ್ಲಿ ಕ್ಲಬ್ಬು ಎಂದರೆ ಇಸ್ಪೀಟು, ಬ್ಯಾಡ್ಮಿಂಟನ್ನು, ನಿವೃತ್ತ ಅಧಿಕಾರಿಗಳು. ಗ್ಲಾಸ್ಗೋದವರ ಕ್ಲಬ್ಬು ಬೇರೆ. ಅಲ್ಲಿ ವೇದಿಕೆಯ ಮೇಲೆ ಹಾಡುವವರಿಲ್ಲ. ಡಿಜೆ ಎರಡು ತಿರುಗುಮಣೆಗಳ ಮುಂದೆ ನಿಂತು ಒಂದು ತಟ್ಟೆಯ ಲಯವನ್ನು ಇನ್ನೊಂದರ ಲಯಕ್ಕೆ ಹೊಲಿಯುತ್ತ ಗಂಟೆಗಟ್ಟಲೆ ತುಂಡರಿಯದ ನಾದ ಕಟ್ಟುತ್ತಾನೆ. ಜನ ಅವನನ್ನು ನೋಡಲೇಬೇಕೆಂದಿಲ್ಲ, ಕುಣಿದರೆ ಸಾಕು. ಸ್ಟುವರ್ಟ್ ಮೆಕ್‌ಮಿಲನ್ ಮತ್ತು ಓರ್ಡ್ ಮೀಕಲ್ ಎಂಬ ಜೋಡಿ 'ಸ್ಲ್ಯಾಮ್' ಎಂಬ ಹೆಸರಿನಲ್ಲಿ ಇದರಲ್ಲಿ ಪಳಗಿದವರು. ಆರ್ಚಸ್ ಶುರುವಾದ 1991ರಲ್ಲೇ ಶುರುವಾದ 'ಸೋಮಾ' ಎಂಬ ರೆಕಾರ್ಡ್ ಸಂಸ್ಥೆಯ ಹಿಂದೆ ಇದ್ದವರೂ ಇವರೇ. ಪ್ಯಾರಿಸ್ಸಿನ ಇಬ್ಬರು ಹುಡುಗರ 'ಡಾಫ್ಟ್ ಪಂಕ್' ತಂಡದ ಮೊದಲ ತಟ್ಟೆಯನ್ನು 1994ರಲ್ಲಿ ಹೊರತಂದದ್ದು ಗ್ಲಾಸ್ಗೋದ ಈ ಸೋಮಾ. 1998ರಿಂದ ಸ್ಲ್ಯಾಮ್ ನಡೆಸಿದ 'ಪ್ರೆಶರ್' ಎಂಬ ತಿಂಗಳ ರಾತ್ರಿ ಆರ್ಚಸ್‌ನ ಬಾಗಿಲು ಹಾಕುವವರೆಗೂ ನಡೆಯಿತು. ಟೆಕ್ನೋ ಸಂಗೀತ ಕೇಳಲು ಯುರೋಪಿನ ಬೇರೆ ಊರುಗಳಿಂದಲೂ ಜನ ಈ ರೈಲು ಹಳಿಯ ಕೆಳಗೆ ಬರುವಂತಾಯಿತು. ಇಟ್ಟಿಗೆಯ ಕಮಾನು ಕೆಳದನಿಯನ್ನು ಹಿಡಿದು ಎದೆಗೆ ತಂದು ಬಡಿಯುತ್ತದೆ. ನೆರೆಮನೆಯವರ ದೂರೂ ಇಲ್ಲ, ನೆರೆಯಲ್ಲಿರುವುದು ರೈಲು.

ಈಗ ಹಣದ ಮಾತು. ಈ ಲೇಖನದ ನಿಜವಾದ ವಿಷಯವೂ ಅದೇ.

ಪ್ರಯೋಗಶೀಲ ನಾಟಕ ಎಲ್ಲ ಊರಲ್ಲೂ ನಷ್ಟದ ಬಾಬತ್ತು. ಸಣ್ಣ ಕೋಣೆ, ಕಡಿಮೆ ಕುರ್ಚಿ, ಹೊಸ ಹೆಸರು. ಟಿಕೆಟ್ಟಿನ ದುಡ್ಡು ದೀಪದ ಬಿಲ್ಲಿಗೆ ಸರಿಹೋದರೆ ಹೆಚ್ಚು. ಕ್ಲಬ್ಬಿನ ರಾತ್ರಿ ಇದರ ತದ್ವಿರುದ್ಧ. ಬಾಗಿಲಲ್ಲಿ ಪ್ರವೇಶದ ಹಣ, ಒಳಗೆ ಬಾರಿನ ವ್ಯಾಪಾರ. ಆದರೆ ಎರಡಕ್ಕೂ ಬೇಕಾದ್ದು ಹೆಚ್ಚುಕಡಿಮೆ ಒಂದೇ: ಚಾವಣಿ, ಬಾಡಿಗೆ, ಕಾವಲು, ಧ್ವನಿವರ್ಧಕ, ಗುಡಿಸುವ ಕೈ. ಸಂಜೆ ನಾಟಕ ಮುಗಿಯುವ ಹೊತ್ತಿಗೆ ಕ್ಲಬ್ಬಿನ ಸಾಲು ಹೊರಗೆ ಬೆಳೆಯುತ್ತದೆ. ಒಂದೇ ಕಟ್ಟಡ ಒಂದು ದಿನದಲ್ಲಿ ಎರಡು ಪಾಳಿ ದುಡಿಯುತ್ತದೆ. ಆರ್ಚಸ್‌ನ ವಾರ್ಷಿಕ ವಹಿವಾಟಿನ ಅರ್ಧಕ್ಕೂ ಹೆಚ್ಚು ಬರುತ್ತಿದ್ದದ್ದು ಈ ರಾತ್ರಿ ಪಾಳಿಯಿಂದ. ಸರ್ಕಾರಿ ಕಲಾನಿಧಿ 'ಕ್ರಿಯೇಟಿವ್ ಸ್ಕಾಟ್ಲೆಂಡ್' ಅನುದಾನ ಕೊಡುತ್ತಿತ್ತು ನಿಜ. ಆದರೆ ಉಳಿದ ಕಲಾಕೇಂದ್ರಗಳಂತೆ ಅದರ ಮುಂದೆಯೇ ಕೈಚಾಚಿ ಕೂರುವ ಗತಿ ಇದಕ್ಕಿರಲಿಲ್ಲ. ಶನಿವಾರ ರಾತ್ರಿ ಬೆವರಿ ಕುಣಿದ ಹುಡುಗಿ ಕೊಟ್ಟ ಪೌಂಡು ಮಂಗಳವಾರದ ನಾಟಕಕ್ಕೆ ಹೋಗುತ್ತಿತ್ತು. ಅವಳಿಗೆ ಅದು ಗೊತ್ತಿರಬೇಕೆಂದೂ ಇರಲಿಲ್ಲ.

ಇಂಥ ಕಡೆಗಳ ಬಗ್ಗೆ ಬರೆಯುವವರು 'ಎಲ್ಲ ಕಲೆಗಳೂ ಒಂದೇ ಸೂರಿನಡಿ' ಎಂದು ಬರೆಯುತ್ತಾರೆ. ನನಗೆ ಸೂರಿಗಿಂತ ಗಲ್ಲಾಪೆಟ್ಟಿಗೆ ಮುಖ್ಯವಾಗಿ ಕಾಣುತ್ತದೆ. ಬಹುಮಹಡಿ ಮಾಲ್‌ನಲ್ಲೂ ಸಿನಿಮಾ, ಸಂಗೀತ, ಊಟ ಎಲ್ಲ ಒಂದೇ ಸೂರಿನಡಿ ಇರುತ್ತವೆ. ಒಬ್ಬರ ಗಲ್ಲಾ ಇನ್ನೊಬ್ಬರದಲ್ಲ, ಅಷ್ಟೇ.

ಹಾಗೆಂದು ನಾಟಕ ಕ್ಲಬ್ಬಿನಿಂದ ಬರೀ ದುಡ್ಡು ಪಡೆದು ಸುಮ್ಮನಿತ್ತು ಎಂದರೆ ತಪ್ಪು. ಗೋಡೆಯ ಆಚೆಗಿನ ಲಯ ಈಚೆಗೂ ಒಸರಿತು. ಕೀರನ್ ಹರ್ಲಿ ಬರೆದು ಅಭಿನಯಿಸಿದ 'ಬೀಟ್ಸ್' ಇದಕ್ಕೆ ಒಳ್ಳೆಯ ಸಾಕ್ಷಿ. 2012ರಲ್ಲಿ ಆರ್ಚಸ್‌ನಲ್ಲೇ ರೂಪುಗೊಂಡ ನಾಟಕ ಇದು. ಹಿನ್ನೆಲೆಯಲ್ಲಿರುವುದು ಬ್ರಿಟಿಷ್ ಸಂಸತ್ತು 1994ರಲ್ಲಿ ಮಾಡಿದ ಒಂದು ಕಾನೂನು. ಆ ಕಾಲಕ್ಕೆ ಹೊಲ, ಗೋದಾಮುಗಳಲ್ಲಿ ಸಾವಿರಾರು ಹುಡುಗರು ಸೇರಿ ರಾತ್ರಿಯಿಡೀ ಕುಣಿಯುತ್ತಿದ್ದರು. ಅದನ್ನು ತಡೆಯಲು ಹೊರಟ ಕಾನೂನಿಗೆ, ಯಾವ ಸಂಗೀತವನ್ನು ತಡೆಯಬೇಕು ಎಂದು ಬರೆದಿಡಬೇಕಾಗಿ ಬಂತು. ಒಂದರ ಹಿಂದೊಂದು ಮರುಕಳಿಸುವ ಬಡಿತಗಳೇ ಮುಖ್ಯವಾಗಿರುವ ಸದ್ದು ಎಂಬರ್ಥದ ವ್ಯಾಖ್ಯೆಯನ್ನು ಕಾನೂನಿನ ಕಲಮಿನಲ್ಲೇ ಸೇರಿಸಿದರು. ನಮ್ಮ ಡೊಳ್ಳು ಕುಣಿತವನ್ನೂ ಆ ವ್ಯಾಖ್ಯೆಯೊಳಗೆ ಎಳೆದು ತರಬಹುದು. ಬರೆದವರು ಅಷ್ಟು ದೂರ ಯೋಚಿಸಿರಲಿಕ್ಕಿಲ್ಲ.

ನಾಟಕದಲ್ಲಿ ಹದಿನೈದರ ಹುಡುಗ ಜಾನೋ ಮೊದಲ ಬಾರಿ ಅಂಥ ಕೂಟಕ್ಕೆ ಹೋಗುತ್ತಾನೆ. ಮನೆಯಲ್ಲಿ ತಾಯಿ ಕಾಯುತ್ತಾಳೆ. ಕೂಟ ಒಡೆಯಲು ಹೊರಟ ಪೊಲೀಸಿನವನಿಗೂ ತನ್ನದೊಂದು ಕತೆಯಿದೆ. ಎಲ್ಲರ ಮಾತನ್ನೂ ಹರ್ಲಿ ಒಬ್ಬರೇ ಕುರ್ಚಿ ಹಾಕಿ ಕೂತು ಹೇಳುತ್ತಾರೆ. ಪಕ್ಕದಲ್ಲಿ ನಿಜವಾದ ಡಿಜೆ ಒಬ್ಬ ನಿಂತು ನಿಜವಾದ ತಟ್ಟೆ ತಿರುಗಿಸುತ್ತಾನೆ. ಭಾಗವತ ಮತ್ತು ಚೆಂಡೆಯ ಜೋಡಿಯನ್ನು ನೋಡಿದವರಿಗೆ ಈ ಏರ್ಪಾಡು ಅರ್ಥವಾಗಲು ಕಷ್ಟವಿಲ್ಲ: ಕತೆ ಇವನದು, ನಾಡಿ ಅವನದು. ಆ ವರ್ಷದ ಸ್ಕಾಟಿಷ್ ವಿಮರ್ಶಕರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಹೊಸ ನಾಟಕದ ಮನ್ನಣೆ ಇದಕ್ಕೆ ಸಿಕ್ಕಿತು. 2019ರಲ್ಲಿ ಬ್ರಯನ್ ವೆಲ್ಶ್ ಇದನ್ನು ಸಿನಿಮಾ ಮಾಡಿದರು. ಬರೀ ನಾಟಕಮಂದಿರದಲ್ಲಿ ಬೆಳೆದ ಕೃತಿ ಇದಲ್ಲ. ಕ್ಲಬ್ಬಿನವರಿಗೆ ನಾಟಕ ಬರೆಯುವ ಚಟ ಹತ್ತುವುದೂ ಅಪರೂಪ. ಎರಡು ಬಾಗಿಲೂ ಒಂದೇ ಓಣಿಗೆ ತೆರೆದಿದ್ದಾಗ ಇದು ಸಾಧ್ಯವಾಯಿತು.

ಬೇರೆ ಹೆಸರುಗಳೂ ಇವೆ. ರಾಬ್ ಡ್ರಮಂಡ್‌ರ 'ಬುಲೆಟ್ ಕ್ಯಾಚ್'ನಲ್ಲಿ ಪ್ರೇಕ್ಷಕರಲ್ಲೊಬ್ಬರನ್ನು ಮೇಲೆ ಕರೆದು, ಕೊನೆಗೆ ಅವರ ಕೈಗೇ ಪಿಸ್ತೂಲು ಕೊಟ್ಟು ತಮ್ಮತ್ತ ಗುಂಡು ಹಾರಿಸಲು ಹೇಳುತ್ತಾರೆ. ಅದು ನ್ಯೂಯಾರ್ಕ್‌ವರೆಗೆ ಹೋಯಿತು. ನಿಕ್ ಗ್ರೀನ್‌ರ 'ಟ್ರಿಲಜಿ'ಯಲ್ಲಿ ಊರಿನ ಸಾಮಾನ್ಯ ಹೆಂಗಸರು, ಎಲ್ಲ ವಯಸ್ಸಿನವರು, ಬಟ್ಟೆಯಿಲ್ಲದೆ ವೇದಿಕೆಗೆ ಬಂದು ಕುಣಿದರು. ನಾಚಿಕೆಯನ್ನು ಯಾರು ಯಾರ ಮೇಲೆ ಹೊರಿಸಿದ್ದು ಎಂದು ಕೇಳುವ ಆಟ ಅದು. ಈ ಕಮಾನುಗಳಿಗೆ ಹತ್ತಿರದವರಾಗಿದ್ದ ಏಡ್ರಿಯನ್ ಹೋವೆಲ್ಸ್ ಒಬ್ಬ ನಟ, ಒಬ್ಬ ಪ್ರೇಕ್ಷಕ ಎಂಬ ಲೆಕ್ಕದಲ್ಲಿ ಪ್ರಯೋಗ ಮಾಡುತ್ತಿದ್ದರು. ಒಂದರಲ್ಲಿ ಎದುರು ಕೂತವರ ಪಾದ ತೊಳೆಯುವುದೇ ಪ್ರಯೋಗ. ಒಬ್ಬರೇ ಪ್ರೇಕ್ಷಕರಿರುವ ನಾಟಕದ ಟಿಕೆಟ್ಟಿನಲ್ಲಿ ಏನು ಗಿಟ್ಟೀತು? ಇಂಥ ಕೆಲಸ ಉಸಿರಾಡಬೇಕಾದರೆ ಎಲ್ಲೋ ಒಂದು ಕಡೆ ಸಾವಿರ ಜನ ಕುಣಿಯಬೇಕು.

2008ರಲ್ಲಿ ಆರ್ನಲ್ಡ್ ಊರಿನದೇ ಟ್ರಾನ್ ಥಿಯೇಟರ್‌ಗೆ ಹೋದರು. ಜಾಕಿ ವೈಲಿ ಕಲಾ ನಿರ್ದೇಶಕಿಯಾಗಿ ಕೆಲಸ ಮುಂದುವರಿಸಿದರು. ಹೆಸರಿಲ್ಲದ ಯುವಕರಿಗೆ ಜಾಗ ಕೊಡುವುದೇ ಸಂಸ್ಥೆಯ ಹೆಸರಾಯಿತು.

2014ರ ಫೆಬ್ರವರಿಯಲ್ಲಿ, ಆರ್ಚಸ್‌ನ ಒಂದು ಕ್ಲಬ್ ರಾತ್ರಿಗೆ ಬಂದಿದ್ದ ಹದಿನೇಳು ವರ್ಷದ ಹುಡುಗಿಯೊಬ್ಬಳು ಮಾದಕ ಮಾತ್ರೆ ನುಂಗಿ ತೀರಿಕೊಂಡಳು. ಇದನ್ನು ಅಡಿಟಿಪ್ಪಣಿಯಂತೆ ದಾಟಿಹೋಗುವ ಹಾಗಿಲ್ಲ. ಆರ್ಚಸ್ ಪರ ವಕಾಲತ್ತು ವಹಿಸುವ ಬರಹಗಳು ಬಹಳಷ್ಟು ಸಲ ಇಲ್ಲಿ ಅವಸರಪಡುತ್ತವೆ. ಒಂದು ಮನೆಯ ಮಗು ಶನಿವಾರ ಕುಣಿಯಲು ಹೋಗಿ ವಾಪಸು ಬರಲಿಲ್ಲ ಎಂದ ಮೇಲೆ, ಪೊಲೀಸರು ಬಾಗಿಲಿನತ್ತ ಕಣ್ಣಿಟ್ಟರು ಎಂಬುದು ಅಚ್ಚರಿಯ ಸಂಗತಿಯಲ್ಲ.

ಅಚ್ಚರಿಯಿರುವುದು ಮುಂದಿನದರಲ್ಲಿ. ಸಂಸ್ಥೆಯವರು ಬಾಗಿಲಲ್ಲಿ ತಪಾಸಣೆ ಮಾಡಿ ಸಿಕ್ಕ ಮಾದಕ ವಸ್ತುವನ್ನೆಲ್ಲ ಲೆಕ್ಕ ಬರೆದು ಪೊಲೀಸರಿಗೆ ಒಪ್ಪಿಸುತ್ತಿದ್ದರು. ಎಷ್ಟು ಚೊಕ್ಕಟವಾಗಿ ಬರೆದರೋ ಅಷ್ಟು ಉದ್ದದ ಪಟ್ಟಿ. ಪರವಾನಗಿ ಮಂಡಳಿಯ ಮುಂದೆ ಅದೇ ಪಟ್ಟಿ ಅವರ ವಿರುದ್ಧದ ಸಾಕ್ಷಿಯಾಯಿತು ಎಂಬುದು ಅವರ ಕಡೆಯವರ ಅಳಲು. ಹುಡುಕದೆ ಕಣ್ಣುಮುಚ್ಚಿಕೊಂಡ ಕ್ಲಬ್ಬಿನ ದಾಖಲೆ ಯಾವಾಗಲೂ ಸ್ವಚ್ಛ. 2015ರ ಮೇ ತಿಂಗಳಲ್ಲಿ ಗ್ಲಾಸ್ಗೋದ ಪರವಾನಗಿ ಮಂಡಳಿ ತೀರ್ಪು ಕೊಟ್ಟಿತು: ಮಧ್ಯರಾತ್ರಿಗೆ ಬಾಗಿಲು ಹಾಕತಕ್ಕದ್ದು.

ಕೇಳಲು ಸಣ್ಣ ಶಿಕ್ಷೆ. ನಾಟಕ ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ, ಚಿತ್ರ ತೆಗೆಯಿರಿ ಎನ್ನಲಿಲ್ಲ. ಆದರೆ ಕ್ಲಬ್ಬಿಗೆ ಜನ ಬರುವುದೇ ರಾತ್ರಿ ಹತ್ತೂವರೆ, ಹನ್ನೊಂದಕ್ಕೆ. ಹನ್ನೆರಡಕ್ಕೆ ಮುಚ್ಚುವ ಕ್ಲಬ್ಬು ಬೆಳಿಗ್ಗೆ ಹತ್ತಕ್ಕೆ ತೆರೆಯುವ ಇಡ್ಲಿ ಹೋಟೆಲಿನಂತೆ. ನಮ್ಮ ಕರಾವಳಿಯವರಿಗೆ ಗಡಿಯಾರದ ಈ ಏಟು ಬೇಗ ತಿಳಿಯುತ್ತದೆ. ಧ್ವನಿವರ್ಧಕಕ್ಕೆ ರಾತ್ರಿ ಹತ್ತರ ಗಡಿ ಬಿದ್ದಾಗ ಬೆಳತನಕದ ಯಕ್ಷಗಾನ ಕಾಲಮಿತಿಯತ್ತ ಹೊರಳಿದ್ದನ್ನು ಕಂಡವರು ಅವರು. ಯಕ್ಷಗಾನ ಪ್ರಸಂಗವನ್ನು ಕತ್ತರಿಸಿಕೊಂಡಾದರೂ ನಡೆಯಿತು; ಕಡಿದು ಗಿಡ್ಡ ಮಾಡಲು ಆರ್ಚಸ್‌ನ ರಾತ್ರಿಯಲ್ಲಿ ಉಳಿದದ್ದೇ ಒಂದು ಗಂಟೆ. ವಹಿವಾಟಿನ ಅರ್ಧಕ್ಕೂ ಹೆಚ್ಚು ಒಂದೇ ಸಹಿಯಲ್ಲಿ ಹೋಯಿತು. ನೂರಾರು ಕಲಾವಿದರು ಬಹಿರಂಗ ಪತ್ರ ಬರೆದರು, ಸಾವಿರಾರು ಜನ ಮನವಿಗೆ ಸಹಿ ಹಾಕಿದರು. ಜೂನ್ 10ರಂದು ಸಂಸ್ಥೆ ದಿವಾಳಿಯ ಹಾದಿ ಹಿಡಿದು ಆಡಳಿತಗಾರರ ಕೈಗೆ ಹೋಯಿತು. ಸುಮಾರು 130 ಜನರ ಕೆಲಸ ಹೋಯಿತು.

ಮಂಡಳಿಯವರು ಕಲಾದ್ವೇಷಿಗಳೇ? ನನಗೆ ಹಾಗನ್ನಿಸುವುದಿಲ್ಲ. ಅವರ ಕೈಯಲ್ಲಿದ್ದ ಕಾನೂನನ್ನು ನೋಡಿ. ಸ್ಕಾಟ್ಲೆಂಡಿನ 2005ರ ಮದ್ಯ ಪರವಾನಗಿ ಕಾಯ್ದೆ ಐದು ಉದ್ದೇಶಗಳನ್ನು ಹೇಳುತ್ತದೆ: ಅಪರಾಧ ತಡೆ, ಸಾರ್ವಜನಿಕ ಸುರಕ್ಷೆ, ಉಪದ್ರವ ತಡೆ, ಸಾರ್ವಜನಿಕ ಆರೋಗ್ಯ, ಮಕ್ಕಳ ರಕ್ಷಣೆ. ಐದೂ ಒಳ್ಳೆಯವೇ. ಆರನೆಯದಾಗಿ ಕಲೆ ಅಂತ ಒಂದು ಇಲ್ಲ. ಮಂಡಳಿಯ ಮೇಜಿನ ಮೇಲೆ ಆರ್ಚಸ್ ಒಂದು ದೊಡ್ಡ ಬಾರು, ಅಷ್ಟೇ. ಅದೇ ಊರಿನ ಇನ್ನೊಂದು ಕಚೇರಿಯ ಕಡತದಲ್ಲಿ ಅದೊಂದು ಕಲಾಸಂಸ್ಥೆ. ಎರಡೂ ಕಡತ ಒಂದೇ ಮೇಜಿಗೆ ಬರುವ ದಾರಿ ಆಡಳಿತದಲ್ಲಿ ಇರಲಿಲ್ಲ. ಗಲ್ಲಾ ಒಂದೇ ಎಂಬುದೇ ಸಂಸ್ಥೆಯ ಶಕ್ತಿಯಾಗಿತ್ತು, ಅದರ ಕುತ್ತಿಗೆಯೂ ಅದೇ ಆಯಿತು.

ಬೇರೆ ಊರುಗಳು ಬೇರೆ ದಾರಿ ಹಿಡಿದಿವೆ. ಲಂಡನ್ನಿನ 'ಫ್ಯಾಬ್ರಿಕ್' ಕ್ಲಬ್ಬಿನಲ್ಲೂ 2016ರಲ್ಲಿ ಇಬ್ಬರು ಹದಿಹರೆಯದವರು ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಪರವಾನಗಿ ರದ್ದಾಯಿತು, ನವೆಂಬರಿನಲ್ಲಿ ಬಿಗಿಯಾದ ಷರತ್ತುಗಳೊಡನೆ ವಾಪಸು ಸಿಕ್ಕಿತು. ಅದೇ 2016ರಲ್ಲಿ ಜರ್ಮನಿಯ ನ್ಯಾಯಾಲಯವೊಂದು ಬರ್ಲಿನ್ನಿನ 'ಬೆರ್ಗ್‌ಹೈನ್' ಕ್ಲಬ್ಬಿನ ಪ್ರವೇಶದ ಹಣಕ್ಕೆ 19ರ ಬದಲು ಸಂಗೀತ ಕಛೇರಿಗಳ 7 ಶೇಕಡಾ ತೆರಿಗೆ ಸಾಕೆಂದಿತು. 2021ರಲ್ಲಿ ಅಲ್ಲಿನ ಸಂಸತ್ತು, ಕ್ಲಬ್ಬುಗಳನ್ನು ಮೋಜಿನ ಅಡ್ಡೆಗಳ ಪಟ್ಟಿಯಿಂದ ತೆಗೆದು ಸಾಂಸ್ಕೃತಿಕ ತಾಣಗಳೆಂದು ಎಣಿಸಬೇಕು ಎಂಬ ನಿರ್ಣಯಕ್ಕೆ ಒಪ್ಪಿಗೆ ಕೊಟ್ಟಿತು. ಇದರಿಂದ ಮಾತ್ರೆ ನುಂಗುವವರು ಕಡಿಮೆಯಾಗುತ್ತಾರೆ ಎಂದು ಯಾರೂ ಹೇಳಲಿಲ್ಲ. ನೋಡುವ ಕಚೇರಿ ಬದಲಾದರೆ ಕಾಣುವ ವಸ್ತುವೂ ಬದಲಾಗುತ್ತದೆ, ಅಷ್ಟು ಮಾತ್ರ.

ಆರ್ಚಸ್ ಮುಚ್ಚಿದ್ದರಿಂದ ಊರಲ್ಲಿ ಕುಣಿತ ನಿಂತಿತೇ? ಇಲ್ಲ. ಗ್ಲಾಸ್ಗೋದಲ್ಲಿ ಕ್ಲಬ್ಬುಗಳಿಗೆ ಬರವಿಲ್ಲ. ಶನಿವಾರದ ಜನ ಪಕ್ಕದ ಬೀದಿಗೆ ಹೋದರು. ಹೋಗಲು ಜಾಗವಿಲ್ಲದಾದದ್ದು ಮಂಗಳವಾರದವರಿಗೆ. ಶಿಕ್ಷೆ ಕ್ಲಬ್ಬಿಗೆ ಎಂದು ಬರೆದಿತ್ತು, ಅನುಭವಿಸಿದವರು ಇನ್ನೂ ಹೆಸರು ಮಾಡಿರದ ನಟರು, ಬರಹಗಾರರು, ಕಲಾವಿದರು.

ಕಮಾನುಗಳಂತೂ ಅಲ್ಲೇ ಇವೆ. ಕೆಲವು ವರ್ಷ ಬೀಗ ಬಿದ್ದಿದ್ದ ಜಾಗದ ಒಂದು ಪಾಲು 2018ರಲ್ಲಿ 'ಪ್ಲಾಟ್‌ಫಾರ್ಮ್' ಎಂಬ ಹೆಸರಿನಲ್ಲಿ ತಿಂಡಿ ಅಂಗಡಿಗಳ ಸಂತೆಯಾಗಿ ತೆರೆಯಿತು. ಜಾಕಿ ವೈಲಿ 2017ರಲ್ಲಿ ಸ್ಕಾಟ್ಲೆಂಡಿನ ರಾಷ್ಟ್ರೀಯ ರಂಗಭೂಮಿಯ ಮುಖ್ಯಸ್ಥೆಯಾದರು. ವಿಶೇಷವೆಂದರೆ ಆ ಸಂಸ್ಥೆ 2006ರಲ್ಲಿ ಪ್ರಯೋಗ ಶುರುಮಾಡಿದ್ದೇ ಸ್ವಂತ ರಂಗಮಂದಿರ ಬೇಡ, ಊರೂರಿಗೆ ಹೋಗಿ ಸಿಕ್ಕ ಜಾಗದಲ್ಲಿ ಆಡುತ್ತೇವೆ ಎಂದು. ಗವಿಯಲ್ಲಿ ಪಳಗಿದವರಿಗೆ ಒಗ್ಗುವ ಕೆಲಸ.

2021ರಲ್ಲಿ ಆರ್ಚಸ್‌ನ ಬಗ್ಗೆ 'ಬ್ರಿಕ್‌ವರ್ಕ್' ಎಂಬ ಪುಸ್ತಕ ಬಂತು. ಬರೆದ ಡೇವಿಡ್ ಬ್ರ್ಯಾಚ್‌ಪೀಸ್ ಮತ್ತು ಕರ್ಸ್ಟಿನ್ ಇನ್ಸ್ ಇಬ್ಬರೂ ಒಂದು ಕಾಲಕ್ಕೆ ಅಲ್ಲೇ ಸಂಬಳಕ್ಕಿದ್ದವರು. ಪುಸ್ತಕವನ್ನು ಕಟ್ಟಿರುವುದು ಅಲ್ಲಿ ದುಡಿದವರ, ಆಡಿದವರ, ಕುಣಿಸಿದವರ ನೆನಪುಗಳಿಂದ. ನಾಟಕದವರಿಗೆ ಬೇರೆ ಪುಸ್ತಕ, ಕ್ಲಬ್ಬಿನವರಿಗೆ ಬೇರೆ ಪುಸ್ತಕ ಬರೆಯುವ ಯೋಚನೆ ಅವರಿಗೆ ಬಂದಂತಿಲ್ಲ. ಸಂಬಳದ ಪಟ್ಟಿಯಲ್ಲಿ ಅವರೆಲ್ಲ ಒಂದೇ ಹಾಳೆಯ ಮೇಲೆ ಇದ್ದವರು.